ಮೂರು ಕಡೆ ದುಡಿಮೆ, ಒಂದೇ ಪಿಂಚಣಿ

ಹನಿ ಹನಿ ಗೂಡಿದರೆ ಹಳ್ಳ. ತೆನೆ ತೆನೆ ಗೂಡಿದರೆ ಬಳ್ಳ. ನಾವು ದುಡಿದ ವರ್ಷಗಳೂ ಹಾಗೇನೇ. ಕೂಡಿಸಿದರೆ ಮುಪ್ಪಿನಲ್ಲಿ ಆಸರೆ.

ಚಿಗಟೇರಿ, ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆ ಮಳೆ ನಂಬಿ ಬದುಕುವವರು ಬಹಳ. ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಗುತ್ತೇವೆ. ಗಾರ್ಮೆಂಟ್ಸ್ ಫ್ಯಾಕ್ಟರಿ ಸೇರುತ್ತೇವೆ. ಮದುವೆ, ಬಾಣಂತನ ಅಂತ ಕೆಲಸ ಬಿಡುತ್ತೇವೆ. ಮತ್ತೆ ಬೇರೆ ಫ್ಯಾಕ್ಟರಿ ಸೇರುತ್ತೇವೆ.

ಸಂಬಳದ ಚೀಟಿ ನೋಡಿ. ಪಿ.ಎಫ್. ಎಂದು ಹಣ ಹಿಡಿದಿರುತ್ತಾರೆ. ಪಿ.ಎಫ್. ಅಂದರೆ ಭವಿಷ್ಯ ನಿಧಿ. ಸಂಬಳದ 100 ರೂಪಾಯಿಗೆ ನಮ್ಮದು 12 ರೂಪಾಯಿ. ಮಾಲೀಕರದೂ 12 ರೂಪಾಯಿ. ಮಾಲೀಕರ ಪಾಲಿನಲ್ಲಿ 8 ರೂಪಾಯಿ 33 ಪೈಸೆ ಪಿಂಚಣಿಗೆ ಹೋಗುತ್ತದೆ. ಈ ಪಿಂಚಣಿ ಯೋಜನೆ 1995ರ ನವೆಂಬರ್ 16ರಿಂದ ಇದೆ.

58 ವರ್ಷ ತುಂಬಿದ ಮೇಲೆ ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷ ದುಡಿದಿರಬೇಕು. ಒಂದೇ ಕಡೆ ದುಡಿದಿರಬೇಕು ಎಂದೇನಿಲ್ಲ.

ಒಬ್ಬಾಕೆ ಒಂದು ಕಡೆ 4 ವರ್ಷ, ಇನ್ನೊಂದು ಕಡೆ 3 ವರ್ಷ, ಮತ್ತೊಂದು ಕಡೆ 7 ವರ್ಷ ದುಡಿದಳು ಎಂದು ಇಟ್ಟುಕೊಳ್ಳೋಣ. ಮೊದಲ ಎರಡು ಕೆಲಸ ಬಿಟ್ಟಾಗ ಪಿಂಚಣಿ ಹಣವನ್ನೂ ತೆಗೆದುಕೊಂಡಳು. ಲೆಕ್ಕಕ್ಕೆ ಉಳಿದದ್ದು 7 ವರ್ಷ. ಪಿಂಚಣಿ ಇಲ್ಲ. ಕೂಡಿಸಿದ್ದರೆ 14 ವರ್ಷ. ಕೊನೆಯ 5 ವರ್ಷದ ಸರಾಸರಿ ಸಂಬಳ 12,000 ರೂಪಾಯಿ ಇದ್ದರೆ, ಅದನ್ನು 14ರಿಂದ ಗುಣಿಸಿ 70ರಿಂದ ಭಾಗಿಸಬೇಕು. ತಿಂಗಳಿಗೆ 2,400 ರೂಪಾಯಿ. ಅದೂ ಜೀವ ಇರುವ ತನಕ!

ಹಾಗಾದರೆ ಕಷ್ಟಕ್ಕೆ ಹಣ ತೆಗೆಯಲೇಬಾರದೇ? ಹಾಗಲ್ಲ. 2016ರಲ್ಲಿ ಸರಕಾರ ಒಂದು ನಿಯಮ ತಂದಿತ್ತು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಮಂದಿ ಬೀದಿಗಿಳಿದರು. ಸರಕಾರ ಆ ನಿಯಮ ಕೈಬಿಟ್ಟಿತು.

ಆದರೆ ನೆನಪಿಡೋಣ. ಪಿ.ಎಫ್. ಹಣ ಬೇರೆ, ಪಿಂಚಣಿ ಹಣ ಬೇರೆ. ಪಿ.ಎಫ್. ತೆಗೆದರೂ ಪಿಂಚಣಿಯ ವರ್ಷಗಳನ್ನು ಉಳಿಸಿಕೊಳ್ಳಬಹುದು. ಪಿಂಚಣಿ ಹಣ ತೆಗೆಯುವ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬೇಕು. ನಾವು ದುಡಿದ ವರ್ಷಗಳ ಲೆಕ್ಕ ಅದರಲ್ಲಿ ಇರುತ್ತದೆ.

ವರ್ಷಗಳನ್ನು ಕೂಡಿಸುವುದು ಹೇಗೆ?

2014ರಿಂದ ಪಿ.ಎಫ್. ಇರುವ ಪ್ರತಿಯೊಬ್ಬರಿಗೂ 12 ಅಂಕಿಯ ಒಂದು ನಂಬರು ಕೊಡುತ್ತಾರೆ. ಅದರ ಹೆಸರು ಯು.ಎ.ಎನ್. ಫ್ಯಾಕ್ಟರಿ ಬದಲಾದರೂ ಈ ನಂಬರು ಬದಲಾಗಬಾರದು.

ಹೊಸ ಕೆಲಸ ಸೇರುವಾಗ ಹಳೆಯ ನಂಬರನ್ನೇ ಕೊಡೋಣ.

ಹಳೆಯ ಖಾತೆ ಹೊಸ ಖಾತೆಗೆ ಸೇರಿತೇ ಎಂದು ಕೇಳೋಣ. ಸೇರಿಲ್ಲದಿದ್ದರೆ ವರ್ಗಾವಣೆಗೆ ಅರ್ಜಿ ಹಾಕೋಣ.

ಆಧಾರ್ ಕಾರ್ಡಿನಲ್ಲೂ ಪಿ.ಎಫ್. ಖಾತೆಯಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು.

ಕೆಲಸ ಬಿಟ್ಟ ದಿನವನ್ನು ಫ್ಯಾಕ್ಟರಿಯವರು ಬರೆದಿದ್ದಾರೆಯೇ ಎಂದು ನೋಡಬೇಕು.

ತೊಂದರೆಯಾದರೆ ಭವಿಷ್ಯ ನಿಧಿ ಕಚೇರಿಗೆ ದೂರು ಕೊಡಬಹುದು.

ಈಗ ನಮಗೆ ಓದಲು, ಬರೆಯಲು ಬರುತ್ತದೆ. ಸಂಬಳದ ಚೀಟಿಯನ್ನು ನಾವೇ ಓದೋಣ. ಆ 12 ಅಂಕಿಗಳನ್ನು ನಮ್ಮ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಊರಿಗೆ ಬಂದ ಅಕ್ಕತಂಗಿಯರಿಗೂ ಹೇಳೋಣ.