ಫಲಕಯುದ್ಧದಲ್ಲಿ ವಿಮಾನದ ಮರಳುದಾರಿ

ಚದುರಂಗದ ಕಾಯಿ ತಾನು ಗೆದ್ದ ಮನೆಯಲ್ಲಿಯೇ ನಿಲ್ಲುತ್ತದೆ. ಆಧುನಿಕ ಯುದ್ಧವನ್ನು ವಸ್ತುವಾಗುಳ್ಳ ಫಲಕಕ್ರೀಡೆಗಳಲ್ಲಿ ವಿಮಾನದ ಕಾಯಿಗೆ ಈ ಸೌಲಭ್ಯವಿಲ್ಲ. ಹೊಡೆದ ಮೇಲೆ ಅದು ಎಲ್ಲಿಯಾದರೂ ಇಳಿಯಲೇಬೇಕು. ವಿಮಾನದ ವಿಷಯವಾಗಿ ಆಟಗಾರರಲ್ಲಿ ಏಳುವ ವಿವಾದಗಳಿಗೆ ಈ ಭೇದವೇ ಮೂಲವೆಂದು ನಮಗೆ ತೋರುತ್ತದೆ.

ನಿದರ್ಶನಕ್ಕೆ ಲ್ಯಾರಿ ಹ್ಯಾರಿಸ್ ರಚಿಸಿ 1981ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ‘ಆಕ್ಸಿಸ್ ಅಂಡ್ ಅಲೈಸ್’ ಎಂಬ ಕ್ರೀಡೆಯನ್ನು ನೋಡೋಣ. ಇದರ ವಸ್ತು ಎರಡನೆಯ ಮಹಾಯುದ್ಧ. ನಾವು ಇಲ್ಲಿ ಅನುಸರಿಸಿರುವುದು ‘1942’ ಎಂಬ ರೂಪದ ಎರಡನೆಯ ಆವೃತ್ತಿಯ ನಿಯಮಗಳನ್ನು.

ನಕ್ಷೆಯ ಪ್ರತಿಯೊಂದು ಭೂಭಾಗವನ್ನೂ ಕಡಲಭಾಗವನ್ನೂ ಒಂದೊಂದು ಮನೆಯೆಂದು ಎಣಿಸತಕ್ಕದ್ದು. ಒಂದು ಸರದಿಯಲ್ಲಿ ಫೈಟರ್ ವಿಮಾನಕ್ಕೆ 4 ಮನೆ, ಬಾಂಬರಿಗೆ 6 ಮನೆ. ಹೋಗುವುದಕ್ಕೂ ಮರಳುವುದಕ್ಕೂ ಸೇರಿ ಇಷ್ಟೇ. 3 ಮನೆ ಹಾರಿ ಹೊಡೆದ ಫೈಟರಿಗೆ ಇಳಿಯಲು ಉಳಿಯುವುದು ಒಂದೇ ಮನೆ.

ಇನ್ನು ಮೊದಲನೆಯ ಪ್ರಶ್ನೆ: ನಮ್ಮ ಕಾಲಾಳುಗಳು ಇದೇ ಸರದಿಯಲ್ಲಿ ಗೆದ್ದ ನೆಲದಲ್ಲಿ ವಿಮಾನ ಇಳಿಯಬಹುದೇ? ಕೂಡದು. ಸರದಿಯ ಆರಂಭದಲ್ಲಿ ನಮ್ಮದೋ ಮಿತ್ರರದೋ ಆಗಿದ್ದ ನೆಲದಲ್ಲಿ ಮಾತ್ರ ಇಳಿಯಬಹುದು. ಕಡಲಿನಲ್ಲಾದರೋ ಫೈಟರಿಗೆ ವಿಮಾನವಾಹಕ ನೌಕೆಯೊಂದೇ ಆಶ್ರಯ. ಬಾಂಬರಿಗೆ ಅದೂ ಇಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಫೈಟರು ತನ್ನ 4 ಮನೆಗಳನ್ನೂ ಹಾರಿ ಕಡಲಿನಲ್ಲಿ ಹೊಡೆಯಹೊರಟಿದೆ. ಅದನ್ನು ಏರಿಸಿಕೊಳ್ಳಬೇಕಾದ ವಾಹಕನೌಕೆ 2 ಮನೆ ದೂರದಲ್ಲಿದೆ. ನಡುವಿನ ಮನೆಯಲ್ಲಿ ಶತ್ರುವಿನ ಕ್ರೂಸರ್ ನಿಂತಿದೆ. ಅದರ ಮೇಲೆ ನಾವು ಕಳುಹಿಸಿರುವುದು ಒಂದೇ ಜಲಾಂತರ್ಗಾಮಿ. ಗೆಲುವು ಸಂದೇಹಾಸ್ಪದವಾದ್ದರಿಂದ ಫೈಟರನ್ನು ಕಳುಹಿಸುವುದು ಅಕ್ರಮವೆಂದು ಎದುರಾಳಿಯ ವಾದ. ಈ ವಾದ ನಿಲ್ಲದು. ದಾಳ ಉರುಳುವ ಮುನ್ನ, ಇಳಿಯುವ ದಾರಿ ಎಷ್ಟೇ ಕ್ಷೀಣವಾಗಿದ್ದರೂ ಒಂದಿದೆಯೆಂದು ತೋರಿಸಿದರೆ ಸಾಕು. ನಮ್ಮ ಪೆಟ್ಟುಗಳೆಲ್ಲ ತಗಲಿ ಶತ್ರುವಿನವೆಲ್ಲ ತಪ್ಪುವುವೆಂದೇ ಭಾವಿಸಿ ಲೆಕ್ಕ ಹಾಕಬಹುದು. ಆದರೆ ಆ ಜಲಾಂತರ್ಗಾಮಿಯನ್ನು ಕಳುಹಿಸದಿದ್ದರೆ ದಾರಿಯೇ ಇಲ್ಲ. ಆಗ ಫೈಟರಿನ ದಾಳಿ ಅಕ್ರಮ.

ದಾರಿ ತೆರೆದ ಮೇಲೆ ವಾಹಕನೌಕೆಯನ್ನು ಹಿಂದೆ ಉಳಿಸಿಕೊಳ್ಳುವ ಸ್ವಾತಂತ್ರ್ಯವೂ ನಮಗಿಲ್ಲ. ಇಳಿಯಲು ಬೇರೆ ಎಡೆಯಿಲ್ಲದ ಫೈಟರಿಗಾಗಿ ಅದು ಹೋಗಲೇಬೇಕು. ದಾರಿ ತೆರೆಯದಿದ್ದರೆ ಫೈಟರು ನಷ್ಟ.

ನಿಯಮದ ತತ್ತ್ವ ಇದರಿಂದ ಸ್ಪಷ್ಟವಾಗುತ್ತದೆ. ಅದು ಸಾಹಸವನ್ನು ಒಪ್ಪುತ್ತದೆ. ಮರಳುವ ಆಸೆಯೇ ಇಲ್ಲದ ಕಡೆಗೆ ಕಳುಹಿಸುವುದನ್ನು ಒಪ್ಪುವುದಿಲ್ಲ. ಇದು ಬರಿಯ ಆಟದ ಮಾತಲ್ಲ. 1944ರ ಜೂನ್ 20ರ ಸಂಜೆ ಫಿಲಿಪ್ಪೈನ್ ಸಮುದ್ರದಲ್ಲಿ ಅಮೆರಿಕದ ಸೇನಾನಿ ಮಿಷರ್ ತನ್ನ ವಿಮಾನಗಳನ್ನು ಇಂಧನದ ಕಡೆಯ ಎಲ್ಲೆಯವರೆಗೆ ಕಳುಹಿಸಿದನು. ಅವು ಕತ್ತಲಲ್ಲಿ ಮರಳುವಾಗ, ಜಲಾಂತರ್ಗಾಮಿಗಳ ಭಯವಿದ್ದರೂ, ನೌಕೆಗಳ ದೀಪಗಳನ್ನು ಹೊತ್ತಿಸಲು ಆಜ್ಞೆ ಮಾಡಿದನು. ಆದರೂ ಸುಮಾರು 80 ವಿಮಾನಗಳು ಇಂಧನ ತೀರಿಯೋ ಇಳಿಯುವಾಗ ಅಪ್ಪಳಿಸಿಯೋ ನಾಶವಾದವು; ವೈಮಾನಿಕರಲ್ಲಿ ಬಹುಮಂದಿಯನ್ನು ನೀರಿನಿಂದ ಎತ್ತಿ ಉಳಿಸಲಾಯಿತು. ಫಲಕದ ಮೇಲೆ ವಾಹಕನೌಕೆಯನ್ನು ಎರಡು ಮನೆ ಮುಂದಕ್ಕೆ ಸರಿಸುವ ಆಟಗಾರನು ಪಾಲಿಸುತ್ತಿರುವುದು ಈ ಹೊಣೆಯನ್ನೇ ಎಂದು ನಾವು ಭಾವಿಸುತ್ತೇವೆ.