ಹಿತ್ತಿಲ ಈಜುಕೊಳಕ್ಕೆ ಹಿಂಗಾರು ಮುಗಿದ ಮೇಲೆ ಗುದ್ದಲಿ ಹಾಕಿ

ಕಾಸರಗೋಡು: ಗಲ್ಫಿನಲ್ಲಿರುವ ಬಂಧುವೊಬ್ಬರು ಫೋನ್ ಮಾಡಿದ್ದರು. ಜುಲೈಯಲ್ಲಿ ಮಕ್ಕಳಿಗೆ ರಜೆ, ಊರಿಗೆ ಬಂದಾಗ ಮನೆ ಹಿತ್ತಿಲಲ್ಲಿ ಸಣ್ಣದೊಂದು ಈಜುಕೊಳ ಮಾಡಿಸಿ ಬಿಡುತ್ತೇನೆ, ಎದುರು ನಿಂತು ಕೆಲಸ ಮಾಡಿಸಿದ ಹಾಗೂ ಆಯಿತು ಎಂಬುದು ಅವರ ಲೆಕ್ಕ. ಈ ಲೆಕ್ಕ ಅವರೊಬ್ಬರದ್ದಲ್ಲ. ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಬರುವುದು ಜುಲೈ, ಆಗಸ್ಟಿನಲ್ಲಿ. ನಮ್ಮಲ್ಲಿ ಅದು ಆಟಿಯ ಮಳೆ ಬೀಳುವ ಹೊತ್ತು. ಕೊಳ ತೋಡಲು ವರ್ಷದಲ್ಲಿ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ.

ಊರಲ್ಲಿರುವವರು ಮಾಡುವ ತಪ್ಪು ಬೇರೆ. ವಿಷು ಕಳೆಯಲಿ, ನೀರೆಲ್ಲ ಆರಿರುತ್ತದೆ, ಆಗ ಶುರು ಮಾಡೋಣ ಎನ್ನುತ್ತಾರೆ. ಬಾವಿಗೆ ಈ ಮಾತು ಸರಿ. ಪಗ್ಗು, ಬೇಷ ತಿಂಗಳಲ್ಲಿ ಒರತೆ ಅತ್ಯಂತ ಕೆಳಗೆ ಇಳಿದಿರುತ್ತದೆ. ಆಗ ನೀರು ಸಿಗುವಷ್ಟು ಆಳಕ್ಕೆ ಹೋದರೆ ವರ್ಷವಿಡೀ ನೀರಿಗೆ ಮೋಸವಿಲ್ಲ. ಒರತೆಯ ಕೆರೆ ತೋಡುವವರಿಗೂ ಅದೇ ಕಾಲ. ಆದರೆ ಕಾಂಕ್ರೀಟ್ ಈಜುಕೊಳಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಹೊರಗಿನ ನೀರು ಒಳಗೆ ಬರಬಾರದು, ಒಳಗಿನದ್ದು ಹೊರಗೆ ಹೋಗಬಾರದು. ಬಾವಿಯ ಮುಹೂರ್ತವನ್ನು ಕೊಳಕ್ಕೆ ಇಟ್ಟರೆ ಕೆಲಸ ಮಳೆಗೆ ಸಿಕ್ಕಿ ಬೀಳುತ್ತದೆ.

ಎರಡು ವರ್ಷಗಳ ಹವಾಮಾನ ನೋಡಿದರೆ ಇದು ತಿಳಿಯುತ್ತದೆ. 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೆ. ವಾಡಿಕೆಯ ದಿನ ಜೂನ್ 1. ಪತ್ತನಾಜೆಯ ಹೊತ್ತಿಗೇ ಮಳೆ ಹಿಡಿದುಕೊಂಡಿತು. ಏಪ್ರಿಲ್ ಕೊನೆಗೆ ಹೊಂಡ ತೋಡಿ, ಜೂನ್ ತನಕ ಸಮಯವಿದೆ ಎಂದುಕೊಂಡರೆ ಹೀಗೆ ಒಂದು ವಾರವೇ ಕೈತಪ್ಪುತ್ತದೆ. ಇನ್ನೊಂದು ತುದಿಯಲ್ಲಿ 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಪ್ರಭಾವದಿಂದ ಕಾಸರಗೋಡಿನಲ್ಲೂ ಭಾರೀ ಮಳೆ ಸುರಿಯಿತು. ಆದ್ದರಿಂದ ದೀಪಾವಳಿಯ ಮರುದಿನವೇ ಜೆಸಿಬಿ ತರಿಸಬೇಕಾಗಿಲ್ಲ. ಮಲಯಾಳದಲ್ಲಿ ತುಲಾವರ್ಷ ಎನ್ನುವ ಹಿಂಗಾರು ಮಳೆ ಪೂರ್ತಿ ನಿಲ್ಲಲಿ. ಸಮುದ್ರದಲ್ಲಿ ವಾಯುಭಾರ ಕುಸಿತದ ಸುದ್ದಿ ಇಲ್ಲದ ಒಂದು ವಾರ ನೋಡಿ ಡಿಸೆಂಬರಿನಲ್ಲಿ ಹೊಂಡ ತೆಗೆಸಿದರೆ ಮುಂದೆ ನಾಲ್ಕು ತಿಂಗಳು ಕೈಯಲ್ಲಿರುತ್ತದೆ.

ಮಣ್ಣಿನ ಗುಣ

ನಮ್ಮಲ್ಲಿ ಹೆಚ್ಚಿನ ಕಡೆ ಮೇಲೆ ಮುರಕಲ್ಲು, ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಮುರಕಲ್ಲು ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನಂಬಿ ಶೇಡಿಯನ್ನೂ ನೆಟ್ಟಗೆ ಕಡಿಯುತ್ತಾರೆ. ಒಣಗಿರುವಾಗ ಅದೂ ನಿಂತೀತು. ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ, ಮೇಲಿನ ಕಲ್ಲನ್ನೂ ಎಳೆದುಕೊಂಡು ಬರುತ್ತದೆ. ಕೆಳಗೆ ಕಬ್ಬಿಣ ಕಟ್ಟುತ್ತಿರುವ ಕೆಲಸಗಾರರಿಗೆ ಓಡಲು ಜಾಗವಿರುವುದಿಲ್ಲ. ಶೇಡಿ ಸಿಕ್ಕಿದಲ್ಲಿ ಬದಿಯನ್ನು ಇಳಿಜಾರಾಗಿ ಕಡಿಸಿ, ತೆಗೆದ ಮಣ್ಣನ್ನು ಹೊಂಡದ ಅಂಚಿನಲ್ಲೇ ರಾಶಿ ಹಾಕಿಸಬೇಡಿ. ಬಾಯಾರು, ಎಣ್ಮಕಜೆ ಕಡೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹಿತ್ತಿಲ ಗುಡ್ಡೆಯೊಳಗೆ ಅಜ್ಜನ ಕಾಲದ ಸುರಂಗ ಎಲ್ಲಿವರೆಗೆ ಹೋಗಿದೆ ಎಂದು ತಿಳಿದ ಮೇಲೆಯೇ ಜಾಗ ಗುರುತು ಮಾಡಿ. ಸುರಂಗದ ನೆತ್ತಿಯ ಮೇಲೆ ನಲವತ್ತು ಟನ್ ನೀರು ಇಡುವುದು ಬೇಡ.

ಕೊಳವೇ ಮೇಲೆದ್ದರೆ?

ತಗ್ಗಿನ ತೋಟದ ಮನೆಯವರಿಗೆ ಮಳೆಗಾಲದಲ್ಲಿ ಬಾವಿಯ ನೀರು ಬಗ್ಗಿ ಕೊಡ ಮುಳುಗಿಸುವಷ್ಟು ಮೇಲೆ ಬರುವುದು ಹೊಸತಲ್ಲ. ಅದೇ ನೀರು ಕೊಳದ ಅಡಿಯಲ್ಲೂ ಇರುತ್ತದೆ ಎಂಬುದನ್ನು ಮಾತ್ರ ಮರೆಯುತ್ತೇವೆ. ತಳದಿಂದ ಒಂದು ಮೀಟರ್ ಮೇಲೆ ಅಂತರ್ಜಲ ನಿಂತರೆ ಪ್ರತಿ ಚದರ ಮೀಟರ್ ತಳವನ್ನು 1,000 ಕಿಲೋ ಬಲ ಮೇಲಕ್ಕೆ ಒತ್ತುತ್ತದೆ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳದ ತೂಕ ಚದರ ಮೀಟರಿಗೆ ಸುಮಾರು 375 ಕಿಲೋ ಮಾತ್ರ. ಕೊಳ ತುಂಬಿದ್ದರೆ ಒಳಗಿನ ನೀರೇ ಭಾರ ಹಾಕಿ ಹಿಡಿದುಕೊಳ್ಳುತ್ತದೆ. ಖಾಲಿಯಾಗಿದ್ದರೆ ತಳ ಬಿರುಕು ಬಿಡುತ್ತದೆ. ಕೆಲವೊಮ್ಮೆ ಇಡೀ ಕೊಳವೇ ದೋಣಿಯ ಹಾಗೆ ಮೇಲೇಳುತ್ತದೆ. ಅರ್ಧ ಮುಗಿದ ಕೊಳ ಜೂನಿನಲ್ಲಿ ಖಾಲಿ ನಿಲ್ಲಬಾರದು ಎನ್ನುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ತೊಳೆಯಲೆಂದು ಪೂರ್ತಿ ಖಾಲಿ ಮಾಡುವುದೂ ಅಷ್ಟೇ ಅಪಾಯ.

ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕೊಳ ಮಾಡುವುದಕ್ಕೆ ಒಂದು ವರ್ಷ ಮೊದಲೇ, ಜುಲೈಯಲ್ಲೊಮ್ಮೆ ಏಪ್ರಿಲಿನಲ್ಲೊಮ್ಮೆ ಹತ್ತಿರದ ಬಾವಿಯ ನೀರು ನೆಲದಿಂದ ಎಷ್ಟು ಕೆಳಗಿದೆ ಎಂದು ಹಗ್ಗ ಇಳಿಸಿ ಅಳೆಯಿರಿ. ಜುಲೈಯ ನೀರು ನೀವು ಯೋಚಿಸಿದ ಕೊಳದ ತಳಕ್ಕಿಂತ ಮೇಲಿದ್ದರೆ ತಳದಡಿ ಜಲ್ಲಿ ಹಾಸಿ, ಪೈಪಿನಲ್ಲಿ ನೀರು ತಗ್ಗಿಗೆ ಹರಿದುಹೋಗುವಂತೆ ಮಾಡಿಸಬೇಕು. ಇಲ್ಲವೇ ಕೊಳವನ್ನು ನೆಲದಿಂದ ಮೇಲಕ್ಕೆ ಕಟ್ಟಬೇಕು. ತೋಡಿನ ಬದಿಯವರು ಡಿಸೆಂಬರ್, ಜನವರಿಯಲ್ಲಿ ಕಟ್ಟ ಹಾಕುವ ಊರುಗಳಲ್ಲಿ ಅದನ್ನೂ ಗಮನಿಸಲಿ. ಕಟ್ಟದಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ, ಹೊಸ ಹೊಂಡಕ್ಕೂ ಒರತೆ ನುಗ್ಗುತ್ತದೆ.

ನೀರಿನ ಲೆಕ್ಕ

ಡಿಸೆಂಬರ್ ಒಳ್ಳೆಯದು ಎನ್ನಲು ನೀರೂ ಒಂದು ಕಾರಣ. ಕಾಂಕ್ರೀಟ್ ಹಾಕಿದ ಮೇಲೆ ಎರಡು ವಾರವಾದರೂ ಒದ್ದೆ ಇಡಬೇಕು. 28 ದಿನ ಕಳೆದು ತುಂಬಿಸಿ ಸೋರುತ್ತದೆಯೇ ಎಂದು ನೋಡಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳಕ್ಕೆ 38 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಕೇರಳದ 44 ನದಿಗಳಲ್ಲಿ 12 ಹರಿಯುವ ಜಿಲ್ಲೆ ನಮ್ಮದು. ಹಾಗಿದ್ದರೂ ಏಪ್ರಿಲಿನಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಮನೆಗಳಿವೆ. ಆ ಹೊತ್ತಿನಲ್ಲಿ ಅಷ್ಟು ನೀರನ್ನು ಬಾವಿಯಿಂದ ಎತ್ತಿದರೆ ನೆರೆಮನೆಯ ಬಾವಿಯೂ ಬತ್ತೀತು. ಮುಂದೆ ಮಾತು ಬಿಡುವುದೂ ಅಲ್ಲಿಂದಲೇ ಶುರು. ಜನವರಿ ಕೊನೆಗಾದರೆ ಬಾವಿಯಲ್ಲಿ ಇನ್ನೂ ನೀರಿರುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ತುಂಬಿಸಿದರೆ ಯಾರಿಗೂ ತೊಂದರೆಯಿಲ್ಲ.

ಸೋರಿಕೆ ತಿಳಿಯಲು ಒಂದು ಬಕೆಟಿಗೆ ಕೊಳದ ನೀರನ್ನೇ ತುಂಬಿ ಮೆಟ್ಟಿಲ ಮೇಲಿಟ್ಟು, ಬಕೆಟಿನೊಳಗೂ ಕೊಳದ ಗೋಡೆಗೂ ಗೆರೆ ಎಳೆಯಿರಿ. ಬಿಸಿಲಿಗೆ ಆರುವುದು ಎರಡರಲ್ಲೂ ಒಂದೇ ಸಮ. ಕೊಳದ ನೀರು ಹೆಚ್ಚು ಇಳಿದರೆ ಮೇಸ್ತ್ರಿಯನ್ನು ಕರೆಸಿ. ಪೂರ್ತಿ ಹಣ ಕೊಟ್ಟು ಮುಗಿಸುವುದು ಈ ಪರೀಕ್ಷೆ ಆದ ಮೇಲೆ ಇರಲಿ.

ಪರೀಕ್ಷೆಗೆ ತುಂಬಿದ ನೀರನ್ನು ಚೆಲ್ಲಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಮಕ್ಕಳು ಅದರಲ್ಲೇ ಈಜಬಹುದು. ಮುಂದಿನ ವರ್ಷಗಳಿಗೆ ಮಾಡಿನ ನೀರು ಸಾಕು. 100 ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. 380 ಮಿಲಿಮೀಟರ್ ಮಳೆಗೆ ಕೊಳ ತುಂಬಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಗೆ ಇದೇನೂ ದೊಡ್ಡದಲ್ಲ.

ನಿಂತ ನೀರಿನ ಶುದ್ಧಿಯಲ್ಲಿ ಮಾತ್ರ ಉದಾಸೀನ ಸಲ್ಲ. 2024ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರಕ್ಕೆ ಮಕ್ಕಳು ಬಲಿಯಾದದ್ದನ್ನು ಯಾರೂ ಮರೆತಿಲ್ಲ. ಆ ಅಮೀಬಾ ಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ, ಮೂಗಿನ ಮೂಲಕ ಒಳಹೊಗುತ್ತದೆ. ಬಿಸಿಲಿಗೆ ಕ್ಲೋರಿನ್ ಬೇಗ ಕಡಿಮೆಯಾಗುವುದರಿಂದ ಬೇಸಗೆಯಲ್ಲಿ ದಿನವೂ ಅಳೆದು, ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಬೇಕು. ಇದು ಆಗದು ಎನ್ನುವವರು ಕೊಳದ ಯೋಚನೆಯನ್ನೇ ಬಿಡುವುದು ಒಳ್ಳೆಯದು. ತೋಟಕ್ಕೆಂದು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಮಕ್ಕಳನ್ನು ಈಜಲು ಬಿಡುವುದಂತೂ ಬೇಡವೇ ಬೇಡ. ಜಾರುವ ಹಾಳೆ ಹತ್ತಿ ಮೇಲೆ ಬರಲು ದೊಡ್ಡವರಿಗೂ ಆಗುವುದಿಲ್ಲ.

ಕಾಗದ ಪತ್ರ

ಗುದ್ದಲಿ ಡಿಸೆಂಬರಿಗಾದರೂ ಕಚೇರಿಗೆ ಹೋಗುವ ಕೆಲಸ ಮಳೆಗಾಲದಲ್ಲೇ ಮುಗಿಯಲಿ. ಪಂಚಾಯತಿನಲ್ಲಿ ವಿಚಾರಿಸಿ. ತೆಗೆದ ಮಣ್ಣು, ಕಲ್ಲನ್ನು ಹಿತ್ತಿಲಿಂದ ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಇದನ್ನು ಕೊನೆಗೆ ಇಟ್ಟುಕೊಂಡವರ ಹೊಂಡ ಮಾರ್ಚ್ ತನಕ ಶುರುವಾಗುವುದಿಲ್ಲ.

ಯಾವುದೋ ಕಾರಣಕ್ಕೆ ಕೆಲಸ ನಿಂತು, ಮೇ ನಡುವಿನ ಹೊತ್ತಿಗೆ ಹೊಂಡ ಮಾತ್ರ ಉಳಿದಿದ್ದರೆ ಏನು ಮಾಡುವುದು? ಆರು ಅಡಿ ಹೊಂಡಕ್ಕೆ ಎರಡು ಒಳ್ಳೆಯ ಮಳೆ ಬಿದ್ದರೆ ಕೆಂಪು ನೀರು ತುಂಬಿ ಆಳವೇ ಗೊತ್ತಾಗುವುದಿಲ್ಲ. ಅಂಚು ಕುಸಿಯುತ್ತಿರುತ್ತದೆ, ಶಾಲೆ ಬಿಟ್ಟ ಮಕ್ಕಳಿಗೆ ಅದು ಆಟದ ಜಾಗ. ಸುತ್ತ ಹಗ್ಗ ಕಟ್ಟಿದರೆ, ಅಡಿಕೆ ಸಲಾಕೆ ಅಡ್ಡ ಇಟ್ಟರೆ ಮಕ್ಕಳು ನಿಲ್ಲುವುದಿಲ್ಲ. ಜೆಸಿಬಿ ಬಾಡಿಗೆ ಹೋದರೂ ಹೋಗಲಿ, ಪತ್ತನಾಜೆಗೆ ಮೊದಲು ಮಣ್ಣು ಹಾಕಿ ಮುಚ್ಚಿಸಿ, ಡಿಸೆಂಬರಿನಲ್ಲಿ ಮತ್ತೆ ತೆಗೆಸಿ.

ನಮ್ಮ ಬಂಧುವಿಗೂ ಇದನ್ನೇ ಹೇಳಿದ್ದಾಯಿತು. ಅವರು ಜುಲೈಯಲ್ಲಿ ಬಂದು ಬಾವಿ ಅಳೆದು, ಪಂಚಾಯತಿಗೆ ಅರ್ಜಿ ಕೊಟ್ಟು ಹೋಗುತ್ತಾರಂತೆ.