ಓಲಾಡುವ ಸೈಕಲ್ ಕ್ಯಾರಿಯರು

ಮನೆಮನೆಗೂ ಬೈಕು, ಸ್ಕೂಟರು ಬಂದಿರುವ ಈ ಕಾಲದಲ್ಲಿಯೂ ನಮ್ಮ ಹಳ್ಳಿಗಳಲ್ಲಿ ಸೈಕಲಿನ ಓಡಾಟ ನಿಂತಿಲ್ಲ. ಹಾಲಿನ ಕ್ಯಾನು, ಹಿಂಡಿಯ ಚೀಲ, ರೇಷನ್ ಅಕ್ಕಿ, ಶಾಲೆಗೆ ಹೊರಟ ತಂಗಿ – ಎಲ್ಲಕ್ಕೂ ಹಿಂದಿನ ಕ್ಯಾರಿಯರೇ ಆಸರೆ. ಅದು ಅತ್ತಿತ್ತ ಓಲಾಡತೊಡಗಿದರೆ ನಾವು ಹಗ್ಗವನ್ನೋ ಹಳೆಯ ಟ್ಯೂಬನ್ನೋ ಬಿಗಿದು ಕಟ್ಟಿ ಸುಮ್ಮನಾಗುವುದುಂಟು. ಹಗ್ಗ ಹೊರೆಯನ್ನು ಹಿಡಿದೀತೇ ಹೊರತು ಕ್ಯಾರಿಯರನ್ನು ಹಿಡಿಯಲಾರದು.

ಸಾಮಾನ್ಯ ಸೈಕಲಿನ ಕ್ಯಾರಿಯರಿಗೆ ಎರಡು ನೆಲೆಗಳು. ಕೆಳಗೆ ಅದರ ಕಾಲುಗಳು ಹಿಂಚಕ್ರದ ಅಚ್ಚಿನ ನಟ್ಟುಗಳಡಿಯಲ್ಲಿ ಕುಳಿತಿವೆ. ಮುಂದೆ ಸೀಟಿನ ಕೆಳಗೆ ಒಂದು ಕ್ಲಿಪ್ಪು ಅದನ್ನು ಚೌಕಟ್ಟಿಗೆ ಹಿಡಿದಿದೆ. ಸನ್ನೆಕೋಲಿನ ಪಾಠವನ್ನು ನೆನೆದರೆ ಉಳಿದುದು ತಿಳಿಯುತ್ತದೆ. ಈ ನೆಲೆಗಳಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಕ್ಯಾರಿಯರಿನ ತುದಿಯಲ್ಲಿ ಅದು ಬೆರಳಗಲವಾಗಿ ಕಾಣುತ್ತದೆ. ದೋಷ ಹೆಚ್ಚಾಗಿ ಸರಳಿನಲ್ಲಿಲ್ಲ, ಸಂದಿನಲ್ಲಿದೆ.

ಮೊದಲು ಪರೀಕ್ಷೆ. ಸೈಕಲನ್ನು ಸ್ಟ್ಯಾಂಡಿಗೆ ಹಾಕಿ ಕ್ಯಾರಿಯರಿನ ತುದಿಯನ್ನು ಅಲುಗಿಸುತ್ತ, ಇನ್ನೊಂದು ಕೈಯ ಬೆರಳನ್ನು ಒಂದೊಂದು ಸಂದಿನ ಮೇಲೂ ಇಟ್ಟು ನೋಡಬೇಕು. ಎಲ್ಲಿ ಕಚಗುಳಿಯಿಟ್ಟಂತಾಗುತ್ತದೆಯೋ ಅಲ್ಲಿಯೇ ಸಡಿಲ. ಬೆಸುಗೆ ಬಿರುಕು ಬಿಟ್ಟಿದ್ದರೆ ವೆಲ್ಡಿಂಗಿಗೆ ಕೊಡಬೇಕು. ಚಕ್ರವೇ ಅಚ್ಚಿನ ಮೇಲೆ ಅಲುಗುತ್ತಿದ್ದರೆ ಅದು ಕೋನು, ಗುಂಡುಗಳ ಕೆಲಸ. ಸೈಕಲ್ ಶಾಪಿಗೆ ಒಯ್ಯುವುದೇ ಸರಿ.

ರಿಪೇರಿ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಅಚ್ಚಿನ ನಟ್ಟಿನಡಿಯಲ್ಲಿ ಕ್ಯಾರಿಯರಿನ ಕಾಲು, ಮಡ್‌ಗಾರ್ಡಿನ ಕಂಬಿ ಮೊದಲಾದವು ಒಂದರ ಮೇಲೊಂದು ಕುಳಿತಿರುತ್ತವೆ. ನಮ್ಮ ಮಳೆಗಾಲ ಕಳೆದ ಮೇಲೆ ಅವುಗಳ ನಡುವೆ ತುಕ್ಕು ಕಟ್ಟುತ್ತದೆ. ನಟ್ಟು ತಿರುಗದಿದ್ದರೆ ಸೀಮೆಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ತುಕ್ಕನ್ನು ಉಜ್ಜಿ ತೆಗೆದು, ಸವೆದ ವಾಷರನ್ನು ಬದಲಿಸಿ, ಎರಡೂ ಕಡೆಯ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿಯಬೇಕು. ಚಕ್ರ ನಡುವಿನಲ್ಲಿ ನೇರವಾಗಿರಲಿ. ಚೈನು ನಡುವೆ ಸುಮಾರು ಅರ್ಧ ಇಂಚು ಆಡುವಂತಿರಲಿ. ಇಲ್ಲಿ ರಬ್ಬರನ್ನು ಸೇರಿಸಲೇಬಾರದು. ಅದು ಅಮುಕಿ ತೆಳುವಾದಂತೆ ನಟ್ಟು ಮತ್ತೆ ಸಡಿಲಗೊಳ್ಳುತ್ತದೆ.

ಮೇಲಿನ ಕ್ಲಿಪ್ಪಿನ ಮಾತು ಬೇರೆ. ಅಲ್ಲಿ ಕೊಳವೆಗೂ ಪಟ್ಟಿಗೂ ಎಡೆಯಿದ್ದರೆ ಹಳೆಯ ಟ್ಯೂಬಿನ ತುಂಡನ್ನು ಸುತ್ತಿ ಬಿಗಿದರೆ ಎಡೆಯೂ ತುಂಬುತ್ತದೆ, ಬಣ್ಣವೂ ಉಳಿಯುತ್ತದೆ. ಬೋಲ್ಟಿಗೆ ಒಂದು ಸ್ಪ್ರಿಂಗ್ ವಾಷರು ಹಾಕಿದರೆ ಒಳ್ಳೆಯದು. ನಾಲ್ಕು ದಿನ ಓಡಿಸಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು.

ಇನ್ನು ಹೊರೆ. ಅದನ್ನು ಸೀಟಿಗೆ ಹತ್ತಿರ, ಆದಷ್ಟು ತಗ್ಗಿನಲ್ಲಿ, ಎರಡೂ ಕಡೆಗೆ ಸಮನಾಗಿ ಇಡಬೇಕು. ಹಿಂದಕ್ಕೆ ಜರುಗಿದಷ್ಟೂ ಮುಂಚಕ್ರ ಹಗುರಾಗಿ ಹ್ಯಾಂಡಲು ನಡುಗುತ್ತದೆ. ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲು ಗುಡ್ಡಗಳ ಇಳಿಜಾರಿನಲ್ಲಿ ಈ ನಡುಕ ಚೆಲ್ಲಾಟವಲ್ಲ.

ಮಕ್ಕಳನ್ನು ಕೂರಿಸುವವರಂತೂ ಇದನ್ನು ಅಲಕ್ಷಿಸಬಾರದು. ಕ್ಯಾರಿಯರು ಓಲಿದಾಗ ಮಗು ಹೆದರಿ ಕಾಲನ್ನು ಒಳಕ್ಕೆ ಒತ್ತುತ್ತದೆ. ತಿರುಗುವ ಕಡ್ಡಿಗಳ ನಡುವೆ ಹಿಮ್ಮಡಿ ಸಿಕ್ಕಿದರೆ ಚರ್ಮ ಕಿತ್ತುಹೋಗುವುದುಂಟು, ಮೂಳೆ ಮುರಿಯುವುದೂ ಉಂಟು. ಚಕ್ರದ ಎರಡೂ ಬದಿಗೆ ಜಾಲರಿ, ಕಾಲೂರಲು ಮೆಟ್ಟು – ಇವಿಲ್ಲದೆ ಚಿಕ್ಕ ಮಕ್ಕಳನ್ನು ಹಿಂದೆ ಕೂರಿಸದಿರುವುದು ಲೇಸು.

ಇದಕ್ಕೆಲ್ಲ ಬೇಕಾದುದು ಒಂದು ಸ್ಪ್ಯಾನರು ಮತ್ತು ತಿಂಗಳಿಗೊಮ್ಮೆ ಹತ್ತು ನಿಮಿಷ. ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಯಲ್ಲೇ ಈ ಕೆಲಸ ಮಾಡಿಸಿದರೆ ಸನ್ನೆಕೋಲಿನ ಪಾಠವೂ ಅವರಿಗೆ ಮನದಟ್ಟಾದೀತು.